ಕಪಟ ವಿಶ್ವಾಸದ ಗುರುತು ಹಣದ ಹತ್ತಿರವೇ ಇದೆ
(ಮುಡಬಿಯಲ್ಲಿ ವಿದ್ಯಾರ್ಥಿವೇತನ ವಿತರಣೆಯ ದಿನ ಮಾಡಿದ ಭಾಷಣ)



‘ಮುನಾಫಿಕ್’ ಎಂಬ ಮಾತು ನಮ್ಮ ಬಾಯಲ್ಲಿ ಬಹಳ ಸಲೀಸಾಗಿ ಬರುತ್ತದೆ. ಆಗದವರ ಮೇಲೆ ಎಸೆಯಲು ಅದು ನಮಗೆ ಕೈಗೆ ಸಿಕ್ಕ ಕಲ್ಲು. ಆದರೆ ಹಝ್ರತ್ ಉಮರ್(ರ)ರಂಥವರು ಹುದೈಫಾ(ರ)ರ ಬಳಿ ಹೋಗಿ, ಕಪಟ ವಿಶ್ವಾಸಿಗಳ ಪಟ್ಟಿಯಲ್ಲಿ ನನ್ನ ಹೆಸರೂ ಇದೆಯೇ ಎಂದು ಕೇಳಿದ್ದರಂತೆ. ಅವರು ಆ ವಚನಗಳನ್ನು ತಮ್ಮ ಎದೆಗೆ ಹಿಡಿದು ಓದಿದರು.

ಮಕ್ಕಾದಲ್ಲಿ ಮುಸ್ಲಿಮನಾದರೆ ಏಟು, ಬಹಿಷ್ಕಾರ. ಅಲ್ಲಿ ನಟಿಸುವವರಿಗೆ ಲಾಭವಿರಲಿಲ್ಲ. ಮದೀನಾದಲ್ಲಿ ಗೌರವ, ಪಾಲು ಬಂತು, ನಟಿಸುವವರೂ ಬಂದರು. ಅಲ್ ಬಕರಃ ಅಧ್ಯಾಯದ ಆರಂಭದಲ್ಲಿ ನಿಷೇಧಿಗಳ ಬಗ್ಗೆ 2 ವಚನಗಳಿದ್ದರೆ, ಬಾಯಲ್ಲೊಂದು ಮನಸ್ಸಲ್ಲೊಂದು ಇರುವವರ ಬಗ್ಗೆ 13 ವಚನಗಳಿವೆ. 63ನೇ ಅಧ್ಯಾಯಕ್ಕೆ ಅವರದೇ ಹೆಸರು.

ನನ್ನನ್ನು ಹೆಚ್ಚು ಕಾಡುವುದು ಬೇರೆ ವಿಷಯ. ಕುರ್‌ಆನ್ ಅವರನ್ನು ಮತ್ತೆ ಮತ್ತೆ ಹಿಡಿಯುವುದು ಹಣದ ಬಳಿ. ಪ್ರವಾದಿ(ಸ)ಯವರ ಜೊತೆಗಿರುವ ಬಡವರಿಗೆ ಖರ್ಚು ಮಾಡಬೇಡಿ, ತಾವೇ ಚದುರಿ ಹೋಗುತ್ತಾರೆ ಎಂದವರು ಅವರು. ಅತ್ತೌಬಾದಲ್ಲಿ ಇನ್ನೊಂದು ಚಿತ್ರ: ಅಲ್ಲಾಹನು ಕೊಟ್ಟರೆ ಖಂಡಿತ ದಾನ ಮಾಡುತ್ತೇವೆ ಎಂದು ಮಾತು ಕೊಟ್ಟು, ಕೈಗೆ ಬಂದ ಮೇಲೆ ಮುಷ್ಟಿ ಬಿಗಿ ಹಿಡಿದವರು. ಆ ಮಾತು ಮುರಿದದ್ದಕ್ಕೇ ಅವರ ಹೃದಯದಲ್ಲಿ ಕಾಪಟ್ಯ ಬೇರೂರಿತು ಎನ್ನುತ್ತದೆ ಕುರ್‌ಆನ್. ನಮ್ಮ ಕಡೆ ತೊಗರಿ, ಸೋಯಾ ಕೈಗೆ ಬರುವ ಮೊದಲು ಇಂಥ ಮಾತು ಎಷ್ಟು ಕೇಳುತ್ತೇವೆ! ಮಳೆ ನೀರಿನ ಬೆಳೆಗೆ 10ರಲ್ಲಿ 1 ಪಾಲು, ಬಾವಿ–ಬೋರ್‌ವೆಲ್ ನೀರಿನ ಬೆಳೆಗೆ 20ರಲ್ಲಿ 1 ಪಾಲು ಉಶ್ರ್. ರಾಶಿ ಮುಗಿದ ಮೇಲೆ ಆ ಲೆಕ್ಕ ಹಾಕುವವರು ಎಷ್ಟು ಜನ?

ಅಬೂ ಅಕೀಲ್(ರ) ಎಂಬ ಬಡ ಸಹಾಬಿ ಅರ್ಧ ‘ಸಾಅ್’ ಖರ್ಜೂರ ತಂದುಕೊಟ್ಟರು. ಒಂದೂವರೆ ಕಿಲೋ ಆಸುಪಾಸು, ಅಷ್ಟೇ. ಕಪಟಿಗಳು ನಕ್ಕರು: ಅಲ್ಲಾಹನಿಗೆ ಇದರ ಅಗತ್ಯವಿದೆಯೇ ಎಂದು. ಹೆಚ್ಚು ತಂದವರನ್ನು ತೋರಿಕೆಯವರು ಎಂದರು. ಕೊಡದವನಿಗೆ ಕೊಟ್ಟವರೆಲ್ಲರಲ್ಲೂ ತಪ್ಪು ಕಾಣುತ್ತದೆ. ನಮ್ಮ ವರದಿಯ ದಾನಿಗಳ ಪಟ್ಟಿಯನ್ನು ಓದುವಾಗ ನೂರು ರೂಪಾಯಿ ಕೊಟ್ಟವರ ಹೆಸರಿನ ಮೇಲೆ ಬೆರಳಿಟ್ಟು ನಗುವವರು ಈ ವಚನವನ್ನು (9:79) ಒಮ್ಮೆ ಓದಲಿ.

ಪಕ್ಕದ ಕಲ್ಯಾಣದಲ್ಲಿ 12ನೇ ಶತಮಾನದ ಶರಣರೂ ನಡೆ–ನುಡಿಯ ಇದೇ ಅಳತೆಗೋಲು ಹಿಡಿದರು. ಮುಸ್ಲಿಮರಾದ ನಮಗೆ ಬೀದರಿನಲ್ಲೇ ಒಂದು ಪಾಠವಿದೆ. ಗೀಲಾನಿನಿಂದ ಬಂದ ಮಹಮೂದ್ ಗಾವಾನ್ ಬಹಮನಿಗಳ ವಜೀರರಾಗಿ 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದರು. ತಮ್ಮ ಖರ್ಚಿಗೆ ಸ್ವಂತ ವ್ಯಾಪಾರದ ಹಣ, ಊಟಕ್ಕೆ ಮಣ್ಣಿನ ಪಾತ್ರೆ, ಮಲಗಲು ಚಾಪೆ ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಅವರನ್ನು ಕೆಡವಲು ದರ್ಬಾರಿನವರು ಅವರ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರವೆಂದು ತೋರಿಸಿದರು. 1481ರಲ್ಲಿ ಸುಲ್ತಾನ ಆ ವೃದ್ಧರ ತಲೆ ತೆಗೆಸಿದ. ಆಮೇಲೆ ಖಜಾನೆ ತೆರೆದರೆ ಸಂಪತ್ತೇ ಇರಲಿಲ್ಲ. ಸುಳ್ಳು ಹೇಳುವುದು, ಮಾತಿಗೆ ತಪ್ಪುವುದು, ಅಮಾನತ್ತಿಗೆ ದ್ರೋಹ ಬಗೆಯುವುದು ಎಂದು ಪ್ರವಾದಿ(ಸ)ಯವರು ಹೇಳಿದ ಮೂರೂ ಗುರುತುಗಳು ಆ ಒಂದು ಕಾಗದದ ಮೇಲಿದ್ದವು.

ನಿಮ್ಮ ಕೈಯಲ್ಲಿರುವ ಅರ್ಜಿಯಲ್ಲೂ ಸಹಿ ಇದೆ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಇದೆ. ಇದ್ದ ಆದಾಯವನ್ನು ಕಡಿಮೆ ತೋರಿಸಿದರೆ ಟ್ರಸ್ಟಿಗೆ ಗೊತ್ತಾಗದೇ ಹೋಗಬಹುದು. ಆ ಹಣ ಬೇರೊಬ್ಬರ ಮಗಳ ಫೀಸು.

ದಾನಿಗಳಿಗೂ ಒಂದು ಮಾತು. ಬಹಿರಂಗವಾಗಿ ಕೊಡುವುದು ತಪ್ಪಲ್ಲ. ಗುಟ್ಟಾಗಿ ಬಡವರಿಗೆ ಕೊಡುವುದು ಇನ್ನೂ ಉತ್ತಮವೆಂದು ಕುರ್‌ಆನ್ ಹೇಳುತ್ತದೆ (2:271). ಆದರೆ ತೋರಿಕೆಗಾಗಿ ಕೊಟ್ಟದ್ದು ನುಣುಪು ಬಂಡೆಯ ಮೇಲಿನ ಮಣ್ಣು, ಒಂದು ಜೋರು ಮಳೆಗೆ ಬಂಡೆಯಷ್ಟೇ ಉಳಿಯುತ್ತದೆ. ಹದಿನೈದು ವರ್ಷದ ಹುಡುಗಿಯನ್ನು ಚೆಕ್ ಹಿಡಿಸಿ ನಿಲ್ಲಿಸಿದ ಫೋಟೋ ಊರೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಿದರೆ, ನಾಳೆ ತರಗತಿಯಲ್ಲಿ ತಲೆ ತಗ್ಗಿಸುವವಳು ಅವಳು. ದಯವಿಟ್ಟು ಇವತ್ತು ಮಕ್ಕಳ ಫೋಟೋ ತೆಗೆಯಬೇಡಿ. ವರ್ಷದ ನಡುವೆ ಮನೆಯ ಸ್ಥಿತಿ ಸುಧಾರಿಸಿದ ತಾಯ್ತಂದೆಯರು ಕಾರ್ಯದರ್ಶಿಯವರಿಗೆ ಹೇಳಿದರೆ ಸಾಕು, ಆ ಪಾಲು ಕಾಯುತ್ತಿರುವ ಮುಂದಿನ ಮಗುವಿಗೆ ಹೋಗುತ್ತದೆ.