ಸತ್ತವರ ಲೆಕ್ಕ ಕೇಳೋಣ

(ವೇಮಗಲ್ ಬಹಿರಂಗ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಗೆ ಒಬ್ಬ ಕೂಲಿ ಒಂದು ದಿನ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗುರುತು ಬೀಳುತ್ತದೆ. ಅಂಗಡಿಯವರು ಹತ್ತು ರೂಪಾಯಿ ಉದ್ರಿಯನ್ನೂ ಖಾತೆಗೆ ಬರೆಯದೆ ಬಿಡುವುದಿಲ್ಲ. ಯುದ್ಧ ಮಾಡುವ ಸರಕಾರ ಸತ್ತ ಮನುಷ್ಯರಿಗೆ ಇಷ್ಟಾದರೂ ಲೆಕ್ಕ ಇಡಬೇಡವೇ?

ಇಡುತ್ತದೆ, ಸಿಪಾಯಿಗೆ. 1962ರ ಚೀನಾ ಯುದ್ಧದಲ್ಲಿ ಮಡಿದವರು 1,383, ಕಾಣೆಯಾದವರು 1,696 ಎಂದು ಸರಕಾರ ಹೇಳಿತು. ಮಡಿದವರಿಗಿಂತ ಕಾಣೆಯಾದವರೇ ಹೆಚ್ಚು! ಕಾಣೆಯಾದವನ ಹೆಂಡತಿ ತಾನು ಮುತ್ತೈದೆಯೋ ವಿಧವೆಯೋ ತಿಳಿಯದೆ ಕೂರಬೇಕು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ಭಾವಿಸಬಹುದು ಎನ್ನುತ್ತದೆ ಕಾನೂನು. ಏಳು ವರ್ಷ ಆ ಮನೆಯ ಒಲೆ ಉರಿಯುವುದು ಹೇಗೆಂದು ಕಾನೂನು ಕೇಳುವುದಿಲ್ಲ. ಆ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಸೇನಾಧಿಕಾರಿಗಳು 1963ರಲ್ಲಿ ಕೊಟ್ಟ ವರದಿಯನ್ನು ಯಾವ ಪಕ್ಷದ ಸರಕಾರವೂ ಈವರೆಗೆ ಪ್ರಕಟಿಸಿಲ್ಲ.

ಇನ್ನು ಸಿಪಾಯಿಯಲ್ಲದವರ ಪಾಡು ಕೇಳಿ. 1942ರಲ್ಲಿ ಜಪಾನೀಯರ ಕೈಗೆ ಸಿಗಬಾರದೆಂದು ಬ್ರಿಟಿಷರು ಬಂಗಾಳದ ಕರಾವಳಿಯಲ್ಲಿ ಬಡವರ ದೋಣಿಗಳನ್ನು ಕಿತ್ತುಕೊಂಡರು, ಅಕ್ಕಿಯನ್ನು ಸಾಗಿಸಿದರು. ಮರುವರ್ಷ ಮಹಾಕ್ಷಾಮ. ಸತ್ತವರು ಸುಮಾರು 15 ಲಕ್ಷ ಎಂದಿತು 1945ರ ವಿಚಾರಣಾ ಆಯೋಗ. ಅಮರ್ತ್ಯ ಸೇನ್ ಮೊದಲಾದವರು ಲೆಕ್ಕ ಹಾಕಿದಾಗ ಅದು 30 ಲಕ್ಷದ ಹತ್ತಿರ ಹೋಯಿತು. ಊರಿನ ಸಾವನ್ನು ಬರೆಸಬೇಕಾದ ಚೌಕಿದಾರನೇ ಹಸಿವಿನಿಂದ ಸತ್ತ ಮೇಲೆ ಬರೆಸುವವರು ಯಾರು? ಯುದ್ಧದಲ್ಲಿ ಮಡಿದವರ ಪಟ್ಟಿಯಲ್ಲಂತೂ ಇವರಲ್ಲಿ ಒಬ್ಬರೂ ಇಲ್ಲ.

ಅದು ಪರಕೀಯರ ಕಾಲ ಎನ್ನಬಹುದು. 2019ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕವಾಯಿತು. 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಕೆತ್ತಿದ್ದಾರೆ, ಅದು ಆಗಬೇಕಾದದ್ದೇ. ಆದರೆ 2025ರ ಮೇ ತಿಂಗಳಲ್ಲಿ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ಬಿದ್ದು ಸತ್ತ ಮಕ್ಕಳಿಗೆ, ಅಂಗಡಿಕಾರರಿಗೆ ಅಲ್ಲಿ ಒಂದು ಕಲ್ಲೂ ಇಲ್ಲ.

ನಮ್ಮ ಸೀಮೆಗೂ ಈ ಅನುಭವವಿದೆ. 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಅದು ಯುದ್ಧವಲ್ಲ, ಎಣಿಕೆಯ ಚಾಳಿ ಮಾತ್ರ ಅದೇ. ಸರಕಾರ ಹೇಳಿದ್ದು ಹತ್ತು, ಜನ ಎಣಿಸಿದ್ದು ಮೂವತ್ತಕ್ಕೂ ಮೇಲೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಯುದ್ಧದಿಂದ ಸತ್ತ ಪ್ರತಿಯೊಬ್ಬರ ಹೆಸರು, ಊರು, ಸತ್ತ ಕಾರಣ ಗೆಜೆಟ್ಟಿನಲ್ಲಿ ಅಚ್ಚಾಗಲಿ, ಸಿಪಾಯಿಯಾಗಲಿ ಕೂಲಿಯಾಗಲಿ. ಕಾಣೆಯಾದವರ ಮನೆಗೆ ಮೊದಲ ತಿಂಗಳಿಂದಲೇ ಸಂಬಳ ಹೋಗಲಿ. ಠರಾವಿನ ಕಾಗದ ಈಗ ನಿಮ್ಮ ನಡುವೆ ಬರುತ್ತದೆ. ಓದಿ ನೋಡಿ, ಒಪ್ಪಿಗೆಯಾದರೆ ರುಜು ಹಾಕಿ. ಓದಲು ಬಾರದವರು ಮುಂದೆ ಬನ್ನಿ, ನಾನೇ ಓದಿ ಹೇಳುತ್ತೇನೆ.