ಬಿಸಿಲು ಪುಕ್ಕಟೆ, ನೀರಲ್ಲ



ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯ ಸುತ್ತ ಮಳೆಗಾಲದಲ್ಲಿ ನೀರಿಗೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಕಬ್ಬು, ಕಾಯಿಪಲ್ಲೆ ಬಾಯಿ ಬಿಟ್ಟಾಗ ಬಾವಿಯೇ ಗತಿ. ಆಗ ಡೀಸೆಲ್ ಪಂಪು ಹಚ್ಚಿದರೆ, ಪ್ರತಿ ಲೀಟರಿಗೆ ಸುಮಾರು ೨.೬ ಕಿಲೋ ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಸೋರಿದ ಎಣ್ಣೆ ಬಾವಿಗೂ ಇಳಿದೀತು.

ಸೌರ ಪಂಪಿಗೆ ಈ ಹೊಗೆಯಿಲ್ಲ. ಬಿಸಿಲು ಏರಿದಂತೆ ಅದು ಹೆಚ್ಚು ನೀರೆತ್ತುತ್ತದೆ. ಬೆಳೆಯ ದಾಹವೂ ಆಗಲೇ ಹೆಚ್ಚು. ೨೦೧೯ರಲ್ಲಿ ಆರಂಭವಾದ ಕುಸುಮ್ ಯೋಜನೆ ಇಂಥ ಪಂಪಿಗೆ ಸಹಾಯಧನ ಒದಗಿಸಿತು. ಈಗಿನ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಆದರೆ ಒಂದು ಮಾತು. ಡೀಸೆಲಿಗೆ ರೊಕ್ಕ ಬೀಳುವಾಗ ಕೈ ಬಿಗಿ ಹಿಡಿದು ನೀರು ಬಿಡುತ್ತಿದ್ದೆವು, ಅಲ್ಲೇನ್ರಿ? ಬಿಸಿಲು ಪುಕ್ಕಟೆ ಅಂತ ದಿನವಿಡೀ ಪಂಪು ನಡೆಸಿದರೆ ಬಾವಿ ಬತ್ತೀತು. ನೆರೆಯವರ ಬಾವಿಯೂ ಇಳಿದೀತು.

ಆದ್ದರಿಂದ ನೀರು ಬಿಡುವ ಮುನ್ನ ಬೇರಿನ ಬಳಿ ಗೇಣುದ್ದ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿರಿ. ಉಂಡೆ ಒಡೆಯದೆ ನಿಂತರೆ ಅಂದು ಪಂಪು ಬೇಡ. ಕಬ್ಬಿಗೆ ಹನಿ ನೀರಾವರಿ ಜೋಡಿಸಿರಿ. ಸೌರ ಹಲಗೆಯ ಧೂಳು ಒರೆಸಿರಿ. ನಮ್ಮ ಮಕ್ಕಳ ಕಾಲಕ್ಕೂ ಬಾವಿಯಲ್ಲಿ ನೀರಿರಲಿ.