ಟ್ರಂಕಿನಲ್ಲಿ ಉಳಿದ ಬದುಕು



ಅಮೆರಿಕದ ಒಬ್ಬ ಕಪ್ಪು ಹೆಣ್ಣುಮಗಳ ವಿಷಯ ಹೇಳ್ತೀನಿ, ಕೇಳಿ. ಹೆಸರು ಕ್ಯಾಥ್ಲೀನ್ ಕಾಲಿನ್ಸ್. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುತ್ತಿದ್ದರು, ನಾಟಕ ಬರೆಯುತ್ತಿದ್ದರು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಕಡಿಮೆ ದುಡ್ಡಿನಲ್ಲಿ, 1982ರಲ್ಲಿ ‘ಲೂಸಿಂಗ್ ಗ್ರೌಂಡ್’ ಎಂಬ ಸಿನಿಮಾ ಮಾಡಿದರು. ನಾಯಕಿ ಕಪ್ಪು ಹೆಂಗಸು. ಆದರೆ ಯಾರ ಮನೆಗೆಲಸದವಳೂ ಅಲ್ಲ, ತತ್ವಶಾಸ್ತ್ರ ಕಲಿಸುವ ಪ್ರೊಫೆಸರ್. ಗಂಡ ಚಿತ್ರಕಾರ. ತನ್ನದು ಬರೀ ಪುಸ್ತಕದ ಬದುಕಾಯ್ತೇ ಅನ್ನೋದು ಅವಳ ಸಂಕಟ.

ಆ ಸಿನಿಮಾ ಆಗ ಥಿಯೇಟರಿಗೆ ಬರಲೇ ಇಲ್ಲ. 1988ರಲ್ಲಿ, 46ನೇ ವಯಸ್ಸಿಗೇ, ಕಾಲಿನ್ಸ್ ಕ್ಯಾನ್ಸರಿನಿಂದ ತೀರಿಕೊಂಡರು.

ಮಗಳು ನೀನಾ ಸುಮ್ಮನಿರಲಿಲ್ಲ. ಲ್ಯಾಬಿನಲ್ಲಿದ್ದ ನೆಗೆಟಿವ್ ಬಿಡಿಸಿ ತಂದರು. 2015ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಸಿನಿಮಾ ತೆರೆ ಕಂಡಿತು. ಅಮ್ಮನ ಟ್ರಂಕಿನಲ್ಲಿದ್ದ ಕಥೆಗಳು 2016ರಲ್ಲಿ ಪುಸ್ತಕವಾದವು.

ನೀವೂ ನಾಟಕ ಆಡ್ತೀರಿ, ಮೊಬೈಲಿನಲ್ಲಿ ಸಿನಿಮಾ ತೆಗೀತೀರಿ. ಸಂತೋಷ. ಆದರೆ ಹೋದ ವರ್ಷ ಆಡಿದ ನಾಟಕದ ಪ್ರತಿ ಯಾರ ಹತ್ತಿರ ಇದೆ? ನಿಮ್ಮಜ್ಜಿ ಹಾಡಿದ ಹಾಡು ಯಾರು ಬರೆದಿಟ್ಟಿದ್ದೀರಿ? ಮಾಡೋದು ಅರ್ಧ ಕೆಲಸ, ಉಳಿಸೋದು ಇನ್ನರ್ಧ. ಸಂಘದಲ್ಲೂ ಒಂದು ಟ್ರಂಕು ಇಡಿ. ಕೀಲಿಕೈ ನಮ್ಮ ಹೆಣ್ಣುಮಕ್ಕಳ ಕೈಗೇ ಕೊಡಿ.